ಭಾಮೈದನನ್ನು ವಾಪಸು ತರಲು ಮಾಲ್ಡೀವ್ಸಿಗೆ

ವಿಮಾನ ಸಮುದ್ರಕ್ಕೆ ಬೀಳಬಹುದಾಗಿತ್ತು. ಬೀಳದಿದ್ದರೂ ಇಳಿಯಬೇಕಾದ ದ್ವೀಪ ಪೈಲಟ್ಟನ ಕಣ್ಣಿಗೆ ಬೀಳದೆ ಹೋಗಬಹುದಾಗಿತ್ತು. ನನ್ನ ಕಣ್ಣಿಗಂತೂ ಬಿದ್ದಿರಲಿಲ್ಲ, ಮಗನ ಶಾಲೆಯ ಅಟ್ಲಾಸಿನಲ್ಲಿ ಅದು ಇರಬೇಕಾದ ಜಾಗದಲ್ಲಿ ನೊಣ ಕೂತು ಎದ್ದ ಗುರುತಿನಂಥದ್ದು ಮಾತ್ರ ಇತ್ತು. ದೋಣಿ ಮಗುಚಬಹುದಾಗಿತ್ತು. ನನಗೆ ಈಜು ಬರುವುದಿಲ್ಲ, ಬಸವೇಶ್ವರನಗರದಲ್ಲಿ ಈಜು ಕಲಿಯುವಷ್ಟು ನೀರು ಯಾವ ನಲ್ಲಿಯಲ್ಲೂ ಬಂದದ್ದಿಲ್ಲ. ರಕ್ತದೊತ್ತಡದ ಮಾತ್ರೆ ಮಧ್ಯದಲ್ಲೇ ಮುಗಿಯಬಹುದಾಗಿತ್ತು. ಮೀನಲ್ಲದೆ ತಿನ್ನಲು ಬೇರೇನೂ ಸಿಗದಿರಬಹುದಾಗಿತ್ತು. ಭಾಮೈದನ ಕಾಲು ಮುರಿದು, ಮುರಿದದ್ದು ನನ್ನಿಂದಲೇ ಎಂದು ಅತ್ತೆ ಜೀವಮಾನವಿಡೀ ಹೇಳಬಹುದಾಗಿತ್ತು. ನಾನೇ ಅಲ್ಲಿ ಸತ್ತು, ಹೆಣವನ್ನು ವಿಮಾನದಲ್ಲಿ ತರುವುದೋ ಹಡಗಿನಲ್ಲಿ ತರುವುದೋ ಎಂದು ನಮ್ಮ ಕಚೇರಿಯ ಯೂನಿಯನ್ನಿನಲ್ಲಿ ಎರಡು ಗುಂಪಾಗಬಹುದಾಗಿತ್ತು. ಇತ್ತ ಮಹಡಿಯ ಬಾಡಿಗೆಯವರು ನಲ್ಲಿ ತೆರೆದಿಟ್ಟು ಊರಿಗೆ ಹೋಗಿ, ಅವತ್ತೇ, ಬೇಕೆಂದೇ, ನೀರು ಬಂದುಬಿಡಬಹುದಾಗಿತ್ತು.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಹೆಂಡತಿ ಲಲಿತಳಿಗೆ ತೋರಿಸಿದೆ. ಅವಳು ಹುರುಳಿಕಾಯಿ ಮುರಿಯುತ್ತಲೇ ಓದಿದಳು.

"ಎಲ್ಲಾ ಬರ್ದಿದೀರಿ. ರಾಜು ಚೆನ್ನಾಗಿ ಆಡಿಬಿಟ್ರೆ ಏನ್ ಮಾಡೋದು ಅಂತ ಬರ್ದೇ ಇಲ್ವಲ್ಲ?"

ಹೊಳೆಯಲಿಲ್ಲವೆಂದಲ್ಲ. ಅದನ್ನು ಬರೆಯುವುದಕ್ಕೆ ಭಯವಾಗಿತ್ತು.

ಹೊರಡುವ ಮುನ್ನ, ಬಸವೇಶ್ವರನಗರ

ರಾಜು ಲಲಿತಳ ತಮ್ಮ. ಅವನೂ ಅತ್ತೆಯೂ ನಮ್ಮ ಮನೆಯ ಹಿಂದಿನ ಪೋರ್ಷನ್ನಿನಲ್ಲೇ ಇದ್ದಾರೆ. ವಯಸ್ಸು ಮೂವತ್ತು. ಹನ್ನೊಂದು ವರ್ಷದಿಂದ ರಾಜಾಜಿನಗರದ ಒಂದು ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಮೈದಾನದ ಮಧ್ಯದಲ್ಲಿ ಆಡುತ್ತಿದ್ದ. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ, ತಡೆದವನ ಫೋಟೊ ಬರುತ್ತದೆ. ಮಧ್ಯದವನು ಅಲ್ಲಿಂದ ತೆಗೆದುಕೊಂಡು ಇಲ್ಲಿಗೆ ಕೊಡುವವನು, ಅಷ್ಟೆ. ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿರುವುದೂ ಅದೇ. ಹಾಗಾಗಿ ಫುಟ್‌ಬಾಲಿನ ಗಂಧವಿಲ್ಲದಿದ್ದರೂ ಅವನ ಕೆಲಸ ನನಗೆ ಅರ್ಥವಾಗುತ್ತಿತ್ತು.

ರಾಜು ಹುಡುಗನಾಗಿದ್ದ ಕಾಲಕ್ಕೆ ಫುಟ್‌ಬಾಲ್ ಎಂದರೆ ಕಂಟೋನ್ಮೆಂಟ್ ಕಡೆಯವರ ಆಟ. ನಮ್ಮ ಕಡೆಯ ಹುಡುಗರಿಗೆ ಇದ್ದ ಮೈದಾನವೆಂದರೆ ಕೈಗಾರಿಕಾ ಬಡಾವಣೆಯ ಹಿಂದಿನ ಬಯಲು. ಸುತ್ತಲಿನ ವರ್ಕ್‌ಶಾಪುಗಳವರು ಲೇತಿನಿಂದ ಬಿದ್ದ ಕಬ್ಬಿಣದ ಸುರುಳಿ ಚೂರುಗಳನ್ನು ತಂದು ಸುರಿಯುತ್ತಿದ್ದದ್ದು ಅಲ್ಲಿಗೇ. ಚೆಂಡು ನೆಲದ ಮೇಲೆ ಉರುಳಿತೋ, ಪಂಕ್ಚರ್. ಇದ್ದದ್ದು ಒಂದೇ ಚೆಂಡು. ಹಾಗಾಗಿ ಹುಡುಗರು ಚೆಂಡನ್ನು ಉರುಳಿಸದೆ, ಕಾಲ್ಬೆರಳಿನಿಂದ ಗೇಣೆತ್ತರಕ್ಕೆ ಎತ್ತಿ, ಇನ್ನೊಬ್ಬನ ಕಾಲ ಬುಡಕ್ಕೇ ಇಳಿಸುವುದನ್ನು ಕಲಿತರು. ಮಿಕ್ಕವರು ದೊಡ್ಡವರಾಗಿ ಆಟ ಬಿಟ್ಟರು. ರಾಜು ಬಿಡಲಿಲ್ಲ, ಎತ್ತುವುದನ್ನೂ ಬಿಡಲಿಲ್ಲ.

ಅದೇ ಅವನಿಗೆ ಮುಳುವಾಯಿತು. ಕಾರ್ಖಾನೆಗೆ ಸೇರಿದ, ರಾಜ್ಯ ತಂಡಕ್ಕೆ ಆಡಿದ, ಇಪ್ಪತ್ನಾಲ್ಕನೇ ವಯಸ್ಸಿಗೆ ಭಾರತ ತಂಡದ ಶಿಬಿರಕ್ಕೂ ಹೋದ. ಅಲ್ಲಿ ಮೆತ್ತೆಯಂಥ ಹುಲ್ಲು. ಚೆಂಡು ನೆಲ ಬಿಡಬಾರದು ಎಂದು ಕೋಚ್ ದಿನಾ ಬೈದರು. ಇವನ ಕಾಲು ಕೇಳಲಿಲ್ಲ. ಮೂರನೇ ವಾರ ಟ್ರಂಕು ಹೊತ್ತುಕೊಂಡು ಮನೆಗೆ ಬಂದ. ಆಮೇಲೆ ಆರು ವರ್ಷ ಹಟ ಹಿಡಿದು ಚೆಂಡನ್ನು ನೆಲದ ಮೇಲೆ ತಳ್ಳುವುದನ್ನೇ ರೂಢಿ ಮಾಡಿಕೊಂಡ. ಅಪರೂಪಕ್ಕೆ, ನೆಲ ತೀರಾ ಕೆಟ್ಟದಾಗಿದ್ದರೆ ಮಾತ್ರ, ಹಳೆಯ ಚಾಳಿ ಹೊರಬೀಳುತ್ತಿತ್ತು.

ಹೀಗೊಮ್ಮೆ ಕೇರಳದ ಒಂದು ಪಂದ್ಯಾವಳಿಯಲ್ಲಿ, ಪೈರು ಕೊಯ್ದ ಗದ್ದೆಯಲ್ಲಿ ಆಡುವಾಗ, ಮಾಲ್ಡೀವ್ಸಿನ ರಾಜಧಾನಿ ಮಾಲೆಯಿಂದ ಬಂದಿದ್ದ ಕ್ಲಬ್ಬೊಂದರ ಕಾರ್ಯದರ್ಶಿ ಇವನನ್ನು ನೋಡಿದರು. ಮೂರು ತಿಂಗಳ ಮೇಲೆ ಕಾಗದ ಬಂತು. ಒಂದು ವಾರ ಬಂದು ಆಡಿ ತೋರಿಸಬೇಕು, ಒಪ್ಪಿಗೆಯಾದರೆ ಎರಡು ಸೀಸನ್ನಿನ ಕರಾರು. ಜೊತೆಗೆ ಕರಾರಿಗೆ ಸಹಿ ಹಾಕಲು ಕುಟುಂಬದ ಹಿರಿಯರೊಬ್ಬರು ಬರತಕ್ಕದ್ದು, ಅವರ ಟಿಕೆಟ್ಟೂ ಕ್ಲಬ್ಬಿನದೇ.

ಹಿರಿಯರು ಎಂದರೆ ನಾನೇ. ನಲವತ್ತೈದಕ್ಕೆ ಸಿಕ್ಕ ಬಡ್ತಿ.

ಕಾರ್ಖಾನೆಯವರು ಹದಿನೈದು ದಿನ ರಜ ಕೊಟ್ಟರು. ಅಲ್ಲೇ ಉಳಿಯುವುದಾದರೆ ರಾಜೀನಾಮೆ ಕೊಡಬೇಕು. ವಾಪಸು ಬಂದರೆ ತಂಡದಲ್ಲಿ ಇದೇ ಕೊನೆಯ ವರ್ಷ, ಆಮೇಲೆ ಸ್ಟೋರ್ಸ್ ವಿಭಾಗದಲ್ಲಿ ಪೂರ್ತಿ ಪಾಳಿ. ಅಂದರೆ ಆಟ ಬೇಕೆಂದರೆ ಖಾಯಂ ನೌಕರಿ ಬಿಡಬೇಕು, ನೌಕರಿ ಬೇಕೆಂದರೆ ಆಟ.

ಅತ್ತೆ ಗೊಜ್ಜವಲಕ್ಕಿಯ ಡಬ್ಬ ಕೊಡುವ ನೆಪದಲ್ಲಿ ನನ್ನನ್ನು ಹಿತ್ತಿಲಿಗೆ ಕರೆದರು.

"ಆಡ್ಲಿ, ಊರು ನೋಡ್ಲಿ, ಬೇಡ ಅನ್ನಲ್ಲ. ಆದ್ರೆ ಆ ಕಾಗದಕ್ಕೆ ನೀವು ಸಹಿ ಹಾಕ್ಬೇಡಿ. ಅವ್ರಪ್ಪ ಮೂವತ್ತು ವರ್ಷ ಅದೇ ಗೇಟಲ್ಲಿ ಕಾರ್ಡ್ ಪಂಚ್ ಮಾಡಿದ್ದು. ಅನ್ನ ಕೊಟ್ಟ ಗೇಟು. ಕರ್ಕೊಂಡು ಹೋದ ಹಾಗೇ ಕರ್ಕೊಂಡು ಬಂದ್ಬಿಡಿ."

"ಆಯ್ತು ಅತ್ತೆ" ಎಂದೆ. ಮನಸ್ಸಿನಲ್ಲೂ ಹಾಗೇ ಎಂದುಕೊಂಡೆ.

ವಿಮಾನ ಇಳಿದ ಮೇಲೆ ದೋಣಿ

ತಿರುವನಂತಪುರದಿಂದ ವಿಮಾನ. ರಾಜು ಕೂತ ಕೂಡಲೇ ನಿದ್ದೆ ಹೋದ. ವಿಮಾನವನ್ನು ಮೇಲೆ ಹಿಡಿದಿಡುವ ಕೆಲಸ ನನ್ನೊಬ್ಬನ ಮೇಲೆ ಬಿತ್ತು. ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದು ಅದನ್ನು ನಿರ್ವಹಿಸಿದೆ. ಇಳಿಯುವ ಹೊತ್ತಿಗೆ ಕಿಟಕಿಯಲ್ಲಿ ಬರೀ ನೀರು, ಇನ್ನೂ ಹತ್ತಿರ ನೀರು, ಮತ್ತೂ ಹತ್ತಿರ ನೀರು; ಇನ್ನೇನು ಮುಗಿಯಿತು ಎಂದುಕೊಳ್ಳುವಾಗ ಚಕ್ರದ ಕೆಳಗೆ ಯಾರೋ ನೆಲ ಎಳೆದು ಹಾಸಿದ ಹಾಗೆ ದಡಕ್ಕೆಂದು ನಿಂತೆವು. ವಿಮಾನ ನಿಲ್ದಾಣವೇ ಒಂದು ದ್ವೀಪ. ಊರು ಇನ್ನೊಂದು ದ್ವೀಪ. ನಡುವೆ ದೋಣಿ.

ಕಾರ್ಯದರ್ಶಿ ಇಬ್ರಾಹಿಂ ಸಾಹೇಬರು ಖುದ್ದಾಗಿ ಬಂದಿದ್ದರು. ಊರಿನಲ್ಲಿ ಅವರದು ಬಟ್ಟೆ ಅಂಗಡಿ. ನಮಗೂ ಅವರಿಗೂ ನಡುವೆ ಇದ್ದ ಭಾಷೆ ಹಿಂದಿ, ಅವರ ಹಿಂದಿ ಪೂರ್ತಿ ಸಿನಿಮಾದಿಂದ ಬಂದದ್ದು. ಊಟವಾಯಿತೇ ಎಂದು ಕೇಳುವಾಗಲೂ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಹಿರಿಯರನ್ನು ಯಾಕೆ ಕರೆಸಿದಿರಿ?" ಎಂದು ದೋಣಿಯಲ್ಲಿ ಕೇಳಿದೆ. ಮಾತಾಡುತ್ತಿದ್ದರೆ ನೀರು ಕಾಣಿಸುವುದಿಲ್ಲ ಎಂಬುದು ನನ್ನ ಉಪಾಯ.

"ಹೋದ ವರ್ಷ ಹೊರದೇಶದಿಂದ ಒಬ್ಬ ಗೋಲ್‌ಕೀಪರ್ ತಂದೆವು" ಎಂದರು. "ಫೈನಲ್‌ಗೆ ಎರಡು ದಿನ ಇರುವಾಗ ಅವನ ತಾಯಿ ವಿಮಾನದಲ್ಲಿ ಬಂದು, ಪ್ರಾಕ್ಟೀಸ್ ನಡೆಯುತ್ತಿದ್ದ ಮೈದಾನಕ್ಕೇ ನುಗ್ಗಿ, ಕೈ ಹಿಡಿದು ಎಳೆದುಕೊಂಡು ಹೋದರು. ಈಗ ನಮ್ಮ ಕ್ಲಬ್ಬಿನ ನಿಯಮ ಒಂದೇ. ಮನೆಯ ಹಿರಿಯರ ಸಹಿ ಇಲ್ಲದೆ ಯಾರೂ ಬೇಡ." ಹತ್ತಿರಕ್ಕೆ ಬಗ್ಗಿ ಕೇಳಿದರು: "ಇವನ ತಾಯಿ ವಿಮಾನ ಹತ್ತುತ್ತಾರೆಯೇ?"

"ಅವರು ಮೆಜೆಸ್ಟಿಕ್‌ಗೇ ಒಬ್ಬರೇ ಹೋಗುವುದಿಲ್ಲ" ಎಂದೆ.

ಮೆಜೆಸ್ಟಿಕ್ ಯಾವುದೋ ದೇಶವೆಂದು ತಿಳಿದು ಅವರು ತೃಪ್ತಿಯಿಂದ ತಲೆಯಾಡಿಸಿದರು.

ಮಾಲೆ, ಮೊದಲ ಮೂರು ದಿನ

ದಾರಿ ತಪ್ಪುವ ಭಯಕ್ಕೆ ಮೊದಲ ಬೆಳಗ್ಗೆಯೇ ಊರಿನ ಗುರುತು ಮಾಡಿಕೊಳ್ಳಲು ಹೊರಟೆ. ಬೀದಿಯಲ್ಲಿ ಟಾರಿಲ್ಲ, ಬಿಳಿ ಮರಳು. ಎರಡು ಕಡೆ ಹವಳದ ಕಲ್ಲಿನ ಗೋಡೆ. ಸೈಕಲ್ ಗಂಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಡಕ್ಕೆ ತಿರುಗಿದೆ, ಸಮುದ್ರ. ಬಲಕ್ಕೆ ಹೋದೆ, ಅಲ್ಲೂ ಸಮುದ್ರ. ನೇರ ನಡೆದೆ, ಮತ್ತೆ ಅದೇ. ನಮ್ಮ ಮನೆಯಿಂದ ರಾಜಾಜಿನಗರದ ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುವಷ್ಟರಲ್ಲಿ ಒಂದು ದೇಶದ ರಾಜಧಾನಿ ಮುಗಿದುಹೋಗುತ್ತದೆ. ದಾರಿ ತಪ್ಪಲು ಸಾಧ್ಯವೇ ಇಲ್ಲದ ಊರಿನಲ್ಲಿ ನನ್ನಂಥವನು ಏನು ಮಾಡಬೇಕು? ಮನೆಗೆ ಬಂದು ಮಾತ್ರೆ ಎಣಿಸಿದೆ.

ನಮ್ಮನ್ನು ಇಳಿಸಿದ್ದು ಸಾಹೇಬರ ಮನೆಯಲ್ಲೇ. ಅಂಗಳದಲ್ಲಿ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಆಸನಗಳು. ಅದಕ್ಕೆ ಅವರೂ ಜೋಲಿ ಎಂದೇ ಹೇಳುತ್ತಾರೆ. ಕೂತರೆ ಸ್ವರ್ಗ, ಏಳಲು ಇನ್ನೊಬ್ಬರ ಕೈ ಬೇಕು. ಊಟವಾದ ಮೇಲೆ ಎಲೆ, ಹಾಳೆಯಂತೆ ತೆಳ್ಳಗೆ ಹೆರೆದ ಅಡಿಕೆ, ಒಂದು ಲವಂಗ. ನಮ್ಮ ಮದುವೆ ಮನೆಯ ಬಾಗಿಲಲ್ಲಿ ಕೂತ ಹಾಗೆಯೇ ಆಗುತ್ತಿತ್ತು, ಅದಕ್ಕೆ ಮುಂಚಿನ ಊಟವೊಂದನ್ನು ಬಿಟ್ಟರೆ. ನಾನು ಮೀನು ತಿನ್ನುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಮನೆಯಾಕೆ ಬಹಳ ಅಕ್ಕರೆಯಿಂದ ಬಟ್ಟಲು ತಂದಿಟ್ಟು, ಸೌಟಿನಲ್ಲಿ ಹುಡುಕಿ ತೋರಿಸಿದರು: ನೋಡಿ, ತುಂಡುಗಳನ್ನೆಲ್ಲ ತೆಗೆದುಬಿಟ್ಟಿದ್ದೇವೆ, ಬರೀ ಸಾರು. ನಾನು ಗೊಜ್ಜವಲಕ್ಕಿಯ ಡಬ್ಬ ತೆರೆದೆ. ಪಕ್ಕದಲ್ಲಿ ರಾಜು ಆ ತೆಗೆದ ತುಂಡುಗಳನ್ನು ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಿದ್ದ.

"ಏನೋ ಇದು?"

"ಪ್ರೋಟೀನು ಭಾವ. ಕ್ಯಾಂಪಲ್ಲಿ ಅಭ್ಯಾಸ ಆಯ್ತು. ಅಮ್ಮಂಗೆ ಹೇಳ್ಬೇಡಿ."

"ಆರು ವರ್ಷದಿಂದಾನಾ?"

"ಶಿವಾಜಿನಗರದ ಕಡೆ ಮ್ಯಾಚ್ ಇದ್ದ ದಿನ ಮಾತ್ರ."

ಆ ತಂಡದ ಆಟಗಾರರೂ ನಮ್ಮ ಕಾರ್ಖಾನೆಯವರ ಹಾಗೆಯೇ. ಒಬ್ಬ ಗುಮಾಸ್ತ, ಒಬ್ಬ ಮೇಷ್ಟ್ರು, ಇಬ್ಬರು ದೋಣಿ ರಿಪೇರಿಯವರು. ಸಂಜೆ ಕೆಲಸ ಮುಗಿಸಿ ಮೈದಾನಕ್ಕೆ ಬರುತ್ತಿದ್ದರು. ವ್ಯತ್ಯಾಸ ನೋಡುವವರಲ್ಲಿ. ನಮ್ಮಲ್ಲಿ ಪಂದ್ಯಕ್ಕೇ ಜನ ಬರುವುದಿಲ್ಲ, ಇಲ್ಲಿ ಪ್ರಾಕ್ಟೀಸಿಗೆ ಅರ್ಧ ಊರು ಬಂದು ಗೋಡೆಯ ಮೇಲೆ ಕೂರುತ್ತದೆ. ಮುಗಿದ ಮೇಲೆ ಮನೆಗೂ ಹೋಗುವುದಿಲ್ಲ. ಆಟಗಾರನ ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು, ಅವನ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾ ಬಾಗಿಲವರೆಗೂ ಬಿಟ್ಟು ಬರುತ್ತದೆ.

ರಾಜುವಿನ ಪಕ್ಕ ಮೊದಲ ದಿನ ನಾಲ್ಕು ಸೈಕಲ್ ಇದ್ದವು. ಮೂರನೇ ದಿನ ಒಂದೂ ಇರಲಿಲ್ಲ.

ಅಷ್ಟು ಕೆಟ್ಟದಾಗಿ ಆಡಿದ್ದ. ಆ ಮೈದಾನವೂ ಮರಳೇ, ನಡುನಡುವೆ ಹುಲ್ಲಿನ ತೇಪೆ. ರಾಜು ಆರು ವರ್ಷ ಕಷ್ಟಪಟ್ಟು ಕಲಿತ ಹಾಗೆ ಚೆಂಡನ್ನು ನೆಲದ ಮೇಲೆ ಅಚ್ಚುಕಟ್ಟಾಗಿ ತಳ್ಳುತ್ತಿದ್ದ. ಅದು ಅರ್ಧ ದಾರಿಗೆ ಹೋಗಿ, ಏನೋ ಮರೆತವರ ಹಾಗೆ ನಿಂತುಬಿಡುತ್ತಿತ್ತು. ಎದುರಾಳಿ ಬಂದು ಎತ್ತಿಕೊಂಡು ಹೋಗುತ್ತಿದ್ದ. ಸಾಹೇಬರು ಎದೆಯ ಮೇಲಿನ ಕೈ ತೆಗೆದು ಜೇಬಿಗೆ ಹಾಕಿಕೊಂಡರು.

ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಬೇಡ ಎನ್ನುವ ಕಷ್ಟ ನನಗೆ ಬರುವುದಿಲ್ಲ, ಅವರೇ ಬೇಡ ಎನ್ನುತ್ತಾರೆ. ಅತ್ತೆಗೆ ಕೊಟ್ಟ ಮಾತೂ ಉಳಿಯುತ್ತದೆ, ಭಾಮೈದನ ಮುಂದೆ ನಾನು ಕೆಟ್ಟವನೂ ಆಗುವುದಿಲ್ಲ. ಇಷ್ಟು ಸುಲಭವಾಗಿ ನನ್ನ ಜೀವನದಲ್ಲಿ ಯಾವುದೂ ಬಗೆಹರಿದದ್ದಿಲ್ಲ. ಅದಕ್ಕೇ ಇರಬೇಕು, ಕೂತಲ್ಲಿ ಕೂರಲಾಗಲಿಲ್ಲ. ಸಂಜೆಯೊಳಗೆ ಆ ಊರನ್ನು ಎರಡು ಸುತ್ತು ಹಾಕಿದೆ.

ಸಮುದ್ರದ ಗೋಡೆ

ಎರಡನೇ ಸುತ್ತಿನಲ್ಲಿ ರಾಜು ಸಿಕ್ಕಿದ. ಬಂದರಿನ ಹತ್ತಿರ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

"ಖುಷಿನಾ ಭಾವ?"

"ಯಾಕೋ ಹಾಗಂತೀಯ?"

"ಮುಖ ನೋಡಿದ್ರೆ ಗೊತ್ತಾಗುತ್ತೆ. ಅಮ್ಮ ಹಿತ್ತಲಲ್ಲಿ ನಿಮ್ಮ ಕೈಲಿ ಹೂಂ ಅನ್ಸಿದ್ದು ಅಕ್ಕ ಹೇಳಿದ್ಳು."

ನಾನು ನೀರು ನೋಡಿದೆ.

"ಬೇಜಾರ್ ಮಾಡ್ಕೋಬೇಡಿ. ನಿಮ್ಗೆ ತೊಂದ್ರೆ ಇಲ್ಲ ಈಗ. ಶುಕ್ರವಾರ ಒಂದು ಮ್ಯಾಚ್ ಆಡ್ಸಿ ಕಳಿಸ್ತಾರೆ, ಮರ್ಯಾದೆಗೆ." ಕೈಯಲ್ಲಿದ್ದ ಹವಳದ ಚೂರನ್ನು ನೀರಿಗೆಸೆದ. "ಏನೂ ತಪ್ಪು ಮಾಡ್ತಾ ಇಲ್ಲ ಭಾವ ನಾನು. ಕ್ಯಾಂಪಲ್ಲಿ ಹೇಳಿದ ಹಾಗೇ ಆಡ್ತಾ ಇದೀನಿ. ಈ ಮರಳು ಬಾಲ್‌ನ ಕುಡ್ದುಬಿಡುತ್ತೆ. ಇಷ್ಟು ವರ್ಷ ಆಡಿ, ಕೊನೇಗೆ ಹೀಗೆ ಕಾಣ್ಸೋದಾ ಅನ್ನೋದೊಂದೇ."

ನಾನು ಸುಮ್ಮನಿರಬೇಕಾಗಿತ್ತು. ಸುಮ್ಮನಿರುವುದು ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ, ಸರ್ಕಾರ ಅದಕ್ಕೇ ಸಂಬಳ ಕೊಡುತ್ತದೆ. ಆದರೂ ಬಾಯಿಂದ ಬಂತು:

"ಮೊದ್ಲು ನೀನು ಹೀಗಾಡ್ತಿರ್ಲಿಲ್ವಲ್ಲೋ. ನನ್ನ ಮದ್ವೆ ಆದ ಹೊಸದ್ರಲ್ಲಿ ನಿನ್ನ ಊಟಕ್ಕೆ ಕರ್ಯೋಕೆ ಬಯಲಿಗೆ ಬಂದಿದ್ನಲ್ಲ? ಅಷ್ಟು ದೂರದಿಂದ ಎತ್ತಿ ಬಿಟ್ಟೆ. ಬಂದು ನನ್ನ ಸೈಕಲ್ ಕ್ಯಾರಿಯರ್ ಮೇಲೆ ಕೂತ್ಕೊಳ್ತು, ಪೋಸ್ಟ್ ಪಾರ್ಸೆಲ್ ಥರ."

"ಅದು ತಪ್ಪು ಆಟ ಭಾವ."

"ಯಾರು ಹೇಳಿದ್ದು?"

"ಇಡೀ ಇಂಡಿಯಾ ಹೇಳ್ತು."

"ಇದು ಇಂಡಿಯಾ ಅಲ್ವಲ್ಲೋ."

ಅವನು ತಿರುಗಿ ನನ್ನನ್ನೇ ನೋಡಿದ. ಏನು ಹೇಳಿಬಿಟ್ಟೆ ಎಂದು ನನಗೆ ಹೊಳೆದದ್ದು ಆಗ. ಹಿಂದಕ್ಕೆ ತೆಗೆದುಕೊಳ್ಳೋಣವೆಂದು, "ಆದ್ರೂ ನಂಗೇನ್ ಗೊತ್ತು, ನಾನು ಆಟ ನೋಡಿದವ್ನೇ ಅಲ್ಲ" ಎಂದೆ. ಅವನು ಆಗಲೇ ಗೋಡೆಯಿಂದ ಇಳಿದು, ಬೀದಿಯ ಮರಳಿನಲ್ಲಿ ಬಿದ್ದಿದ್ದ ಒಣ ತೆಂಗಿನ ಕಾಯೊಂದನ್ನು ಕಾಲ್ಬೆರಳಿನಿಂದ ಮೆಲ್ಲಗೆ ಎತ್ತಿ ನೋಡುತ್ತಿದ್ದ.

ಶುಕ್ರವಾರ

ಅಲ್ಲಿ ಶುಕ್ರವಾರ ರಜ. ಗೋಡೆಯ ಮೇಲೆ ಜಾಗವಿರಲಿಲ್ಲ. ಸಾಹೇಬರು ನನಗೊಂದು ಕುರ್ಚಿ ಹಾಕಿಸಿದ್ದರು, ಅದರಲ್ಲಿ ನಾನು ಒಟ್ಟು ಐದು ನಿಮಿಷವೂ ಕೂರಲಿಲ್ಲ.

ರಾಜು ಮೊದಲ ಸಲ ಚೆಂಡನ್ನು ಎತ್ತಿ ಬಿಟ್ಟಾಗ ಜನ ನಕ್ಕರು. ಸಣ್ಣ ಹುಡುಗರ ಆಟದ ಹಾಗಿತ್ತು. ಎರಡನೆಯದಕ್ಕೂ ನಕ್ಕರು. ಅದು ಮಾತ್ರ ಇಬ್ಬರ ನಡುವೆ ಮೊಣಕಾಲಿನ ಕೆಳಗೆ ತೇಲಿ ಹೋಗಿ ಮುಂದಿದ್ದವನ ಪಾದದ ಮುಂದೆ ಇಳಿದು, ಇಳಿದಲ್ಲೇ ನಿಂತಿತು. ಮರಳು ಅದನ್ನು ಉರುಳಗೊಡಲಿಲ್ಲ. ಮೂರು ದಿನ ಅವನನ್ನು ಕೆಡಿಸಿದ್ದ ನೆಲ ಈಗ ಅವನು ಇಟ್ಟ ಚೆಂಡನ್ನು ಇಟ್ಟ ಜಾಗದಲ್ಲೇ ಹಿಡಿದುಕೊಳ್ಳುತ್ತಿತ್ತು. ಆಮೇಲೆ ನಗು ಕಮ್ಮಿಯಾಯಿತು. ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಗೋಡೆ ಸುಮ್ಮನಾಗುವುದು, ಅದು ಇಳಿದ ಮೇಲೆ ಹೋ ಎನ್ನುವುದು. ಗೋಲು ಹೊಡೆದದ್ದು ಆ ಮೇಷ್ಟ್ರು, ಎರಡು. ಆದರೆ ಗೋಲಾದ ಮೇಲೆ ಜನ ತಿರುಗಿ ನೋಡಿದ್ದು ಮೈದಾನದ ಮಧ್ಯಕ್ಕೆ.

ಅವನ ಮುಖ ನಾನು ಅಷ್ಟು ದೂರದಿಂದಲೂ ನೋಡಿದೆ. ಹದಿನಾರನೇ ವಯಸ್ಸಿನ ಮುಖ. ಊಟಕ್ಕೆ ಕರೆದರೆ ಬಾರದ ಮುಖ.

ಮನೆಗೆ ವಾಪಸಾಗುವಾಗ ಸೈಕಲ್ಲುಗಳನ್ನು ಎಣಿಸಲು ಹೋಗಿ ಅರ್ಧಕ್ಕೇ ಕೈಬಿಟ್ಟೆ.

ಬಟ್ಟೆ ಅಂಗಡಿ

ಮರುದಿನ ಬೆಳಗ್ಗೆ ಸಾಹೇಬರು ನಮ್ಮನ್ನು ಅಂಗಡಿಗೆ ಕರೆಸಿದರು. ಮೇಜಿನ ಮೇಲೆ ಕರಾರು ಪತ್ರ. ಕೊನೆಯ ಪುಟದಲ್ಲಿ ಎರಡು ಗೆರೆ, ಒಂದು ಆಟಗಾರನಿಗೆ, ಒಂದು ಹಿರಿಯರಿಗೆ.

ನಾನು ಬೆಂಗಳೂರಿನಲ್ಲೇ ಉತ್ತರದ ಕರಡು ತಯಾರಿಸಿಕೊಂಡಿದ್ದೆ: ಕುಟುಂಬದ ಪರಿಸ್ಥಿತಿಯ ದೃಷ್ಟಿಯಿಂದ ಸದರಿ ಪ್ರಸ್ತಾಪವನ್ನು ಒಪ್ಪಲು ಸಾಧ್ಯವಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ. ಹಿಂದಿಯಲ್ಲೂ ಬಾಯಿಪಾಠ ಮಾಡಿಕೊಂಡಿದ್ದೆ. ಗಂಟಲವರೆಗೆ ಬಂದೂ ಇತ್ತು.

ರಾಜು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. "ಅಮ್ಮಂಗೆ ಮಾತು ಕೊಟ್ಟಿದೀರಿ. ನೀವು ಬೇಡ ಅಂದ್ರೆ ಬೇಡ ಭಾವ. ಬೇಜಾರಿಲ್ಲ" ಎಂದ.

ಬೇಜಾರಿಲ್ಲ ಎನ್ನುವಾಗ ಮೇಜಿನ ಕೆಳಗೆ ಅವನ ಬಲಗಾಲು ಅಲ್ಲಾಡುತ್ತಿತ್ತು. ಬಗ್ಗಿ ನೋಡಿದೆ. ಯಾವುದೋ ಗಂಟಿನಿಂದ ಬಿದ್ದ ನೂಲಿನ ಉಂಡೆ. ಅದನ್ನು ಕಾಲ್ಬೆರಳಿನಿಂದ ಗೇಣೆತ್ತರ ಎತ್ತುತ್ತಿದ್ದ, ಇಳಿಸುತ್ತಿದ್ದ, ಮತ್ತೆ ಎತ್ತುತ್ತಿದ್ದ. ತಾನು ಅದನ್ನು ಮಾಡುತ್ತಿರುವುದು ಅವನಿಗೇ ಗೊತ್ತಿರಲಿಲ್ಲ.

ಪೆನ್ನು ತೆಗೆದು ಸಹಿ ಹಾಕಿದೆ. ಇಪ್ಪತ್ತೆರಡು ವರ್ಷದಲ್ಲಿ ಮೇಲಿನವರನ್ನು ಕೇಳದೆ ನಾನು ಹಾಕಿದ ಮೊದಲನೆಯ ಸಹಿ. ಅದು ಗೆರೆಯ ಕೆಳಗೆ ಇಳಿಯಿತು. ಸಾಹೇಬರು ಎದೆಯ ಮೇಲೆ ಎರಡೂ ಕೈ ಇಟ್ಟುಕೊಂಡರು. ರಾಜು ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಗಾಬರಿಯಾಗಿ ಹಿಂದೆ ಸರಿದು ಒಂದು ಥಾನು ಬಟ್ಟೆ ಬೀಳಿಸಿದೆ.

ಮತ್ತೆ ಬಸವೇಶ್ವರನಗರ

ವಾಪಸು ಬರುವಾಗ ವಿಮಾನ ಬಿದ್ದರೂ ಚಿಂತೆಯಿಲ್ಲ ಎನ್ನಿಸುತ್ತಿತ್ತು, ಅತ್ತೆಯ ಮುಂದೆ ನಿಲ್ಲುವುದು ತಪ್ಪುತ್ತದಲ್ಲ. ಬೀಳಲಿಲ್ಲ. ಬಾಡಿಗೆಯವರೂ ನಲ್ಲಿ ಮುಚ್ಚಿಯೇ ಊರಿಗೆ ಹೋಗಿದ್ದರು. ನಾನು ಬರೆದ ಹಾಳೆಯಲ್ಲಿದ್ದ ಯಾವುದೂ ಆಗಲಿಲ್ಲ.

ಮಧ್ಯಾಹ್ನ ಆಟೊ ಇಳಿದಾಗ ಅತ್ತೆ ಗೇಟಿನಲ್ಲೇ ಇದ್ದರು. ನನ್ನ ಹಿಂದೆ ನೋಡಿದರು, ಆಟೊದೊಳಗೆ ನೋಡಿದರು, ಆಟೊ ಹೋದ ಮೇಲೆ ಖಾಲಿ ರಸ್ತೆ ನೋಡಿದರು. ಒಳಗೆ ಹೋಗಿ ಜಗಲಿಯ ಮೇಲೆ ಕೂತರು.

"ಹಾಕ್ಬಿಟ್ರಾ ಸಹಿ?"

"ಹಾಕ್ದೆ ಅತ್ತೆ."

ಜಗಲಿಯ ಇನ್ನೊಂದು ತುದಿಯಲ್ಲಿ ನಾನೂ ಕೂತೆ. ಲಲಿತ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತೇ ಇದ್ದಳು. ರಾಜು ಅಮ್ಮನಿಗೆ ಬರೆದ ಕಾಗದ ಕೊಟ್ಟಿದ್ದ, ಅದನ್ನಾದರೂ ಕೊಡೋಣವೆಂದು ಕೋಟಿನ ಒಳಜೇಬಿಗೆ ಕೈ ಹಾಕಿದೆ. ಕಾಗದದ ಜೊತೆ ಪಾಸ್‌ಪೋರ್ಟ್ ಬಂತು. ಅದರ ಹಿಂದೆ ಇನ್ನೊಂದು ಬಂತು.

ಹೊರಟ ದಿನದಿಂದ ಎರಡನ್ನೂ ನಾನೇ ಇಟ್ಟುಕೊಂಡಿದ್ದೆ, ಅವನು ಎಲ್ಲಾದರೂ ಬೀಳಿಸಿಯಾನು ಎಂದು. ವಾಪಸು ಬರುವ ದಾರಿಯುದ್ದಕ್ಕೂ ಹತ್ತು ನಿಮಿಷಕ್ಕೊಮ್ಮೆ ಜೇಬು ಮುಟ್ಟಿ ನೋಡಿಕೊಂಡಿದ್ದೆ. ಮೊದಲಿನ ಹಾಗೆ ದಪ್ಪಗೇ ಇತ್ತು, ನೆಮ್ಮದಿಯಾಗುತ್ತಿತ್ತು. ಅಧಿಕಾರಿಗಳು ಕೇಳಿದಾಗ ಕೈಗೆ ಸಿಕ್ಕಿದ್ದನ್ನು ತೆಗೆದು ಕೊಟ್ಟಿದ್ದೆ, ಎರಡು ಸಲವೂ ಅದು ನನ್ನದೇ ಆಗಿತ್ತು.

ಅತ್ತೆ ಕಾಗದವನ್ನು ಬಿಟ್ಟು ಆ ಇನ್ನೊಂದನ್ನೇ ತೆಗೆದುಕೊಂಡು ಬಿಡಿಸಿದರು. ಮಗನ ಫೋಟೊವನ್ನು ಸೆರಗಿನಿಂದ ಒರೆಸಿದರು.

"ಇದು ಅವ್ನತ್ರ ಇರ್ಬೇಕಾದ್ದಲ್ವಾ?"

"ಹೌದು ಅತ್ತೆ. ತಪ್ಪಾಗ್ಹೋಯ್ತು."

"ಇದಿಲ್ದೆ ಏನಾಗುತ್ತೆ?"

"ಇದಿಲ್ದೆ ಅವ್ನು ವಾಪಸ್ ಬರೋಕಾಗಲ್ಲ."

ಅವರು ಅದನ್ನು ಮುಚ್ಚಿ ನನ್ನ ಕೈಗೆ ತುರುಕಿದರು.

"ಮತ್ತೆ ಯಾಕೆ ಕೂತಿದೀರಿ? ಪೋಸ್ಟಾಫೀಸು ಮುಚ್ಚೋ ಹೊತ್ತಾಯ್ತು, ಏಳಿ."

ಚಪ್ಪಲಿ ಇನ್ನೂ ಬಿಚ್ಚಿರಲಿಲ್ಲ. ಹಾಗೆಯೇ ಹೊರಟೆ.